ಮೊನ್ಸೆಫ್ ಮೇಷ್ಟ್ರು ಸಾಲು ನೇರ ಮಾಡಿದ್ದು

ಸಫಾಕ್ಸ್ ಪೇಟೆಯಿಂದ ಮೊಪೆಡ್ಡಿನಲ್ಲಿ ಮುಕ್ಕಾಲು ಗಂಟೆ ಬಂದರೆ ನಮ್ಮೂರು. ಇಲ್ಲಿ ಮೊನ್ಸೆಫ್ ಕಮ್ಮೂನ್ ಅವರ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಸಾಲು ಮೇಷ್ಟ್ರ ಮನೆ ಎಂದು ಕೇಳಿ, ಬಾಗಿಲವರೆಗೂ ಬಂದು ಬಿಟ್ಟುಹೋಗುತ್ತಾರೆ. ಈ ಹೆಸರಿಟ್ಟವರು ಅವನ ಶಿಷ್ಯರು. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿರುವ ಮೊನ್ಸೆಫ್, ಪ್ರೋಗ್ರಾಮಿನಲ್ಲಿ ಸಾಲು ಸೊಟ್ಟಗಿದ್ದರೆ ಅದು ಸರಿಯಾಗಿ ಓಡಿದರೂ ಒಂದು ಅಂಕ ಕತ್ತರಿಸುತ್ತಿದ್ದ. ಹಾಗೆ ಅಂಕ ಕಳೆದುಕೊಂಡು ಬೆಳೆದವರೇ ಈಗ ಊರಿನ ಅರ್ಧ ಜನ, ಮರೆಯುವುದು ಹೇಗೆ.

ಅವನ ಕಡೆಯಿಂದಲೂ ಒಂದು ಮಾತು ಹೇಳಬೇಕು. ಅವನು ಕಲಿಸುವ ಭಾಷೆಯಲ್ಲಿ ಸಾಲಿನ ಮುಂದೆ ಬಿಡುವ ಖಾಲಿ ಜಾಗ ಚೆಂದಕ್ಕೆ ಬಿಟ್ಟದ್ದಲ್ಲ. ನಾಲ್ಕು ಅಕ್ಷರದಷ್ಟು ಒಳಗೆ ಸರಿದು ನಿಂತ ಸಾಲು ಮೇಲಿನ ಸಾಲಿನ ಮನೆಯವನು. ಅಂಚಿಗೆ ಅಂಟಿಕೊಂಡು ನಿಂತವನು ಬೀದಿಯವನು. ಮೇಲಿನ ಸಾಲು ಹತ್ತು ಸಲ ಮಾಡು ಎಂದರೆ ಮನೆಯವನು ಹತ್ತು ಸಲ ಮಾಡುತ್ತಾನೆ, ಬೀದಿಯವನು ಎಲ್ಲಾ ಮುಗಿದ ಮೇಲೆ ಬಂದು ಒಂದೇ ಒಂದು ಸಲ ಮಾಡಿ ಹೋಗುತ್ತಾನೆ. ಇಷ್ಟೇ ವಿಷಯ. ಇದನ್ನು ಮೊನ್ಸೆಫ್ ವರ್ಷಕ್ಕೆ ನಲವತ್ತು ಸಲ ಹೇಳುತ್ತಿದ್ದ, ತನಗೂ ಒಂದು ಸಲ ಹೇಳಿಕೊಂಡಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ.

ಮನೆಯಲ್ಲೂ ಅದೇ ಚಾಳಿ. ತಟ್ಟೆಯಲ್ಲಿ ಕರಿದ ಸಾರ್ಡಿನ್ ಮೀನುಗಳ ತಲೆಯೆಲ್ಲಾ ಒಂದೇ ಕಡೆ ತಿರುಗಿಸಿ ಇಟ್ಟುಕೊಂಡ ಮೇಲೇ ಅವನು ಕೈ ಹಾಕುವುದು. "ತಿನ್ನು ಮಾರಾಯ, ಅವೇನು ಪರೇಡಿಗೆ ಹೋಗಬೇಕಾ?" ಎಂದು ಹೆಂಡತಿ ನಝೀಹಾ ಕೇಳಿ ಕೇಳಿ ಸುಸ್ತಾಗಿ, ಈಗ ತಾನೇ ಜೋಡಿಸಿ ಬಡಿಸುತ್ತಾಳೆ.

ಹೋದ ವರ್ಷ ಆಲಿವ್ ಕೊಯ್ಲಿನ ಹೊತ್ತಿಗೆ ಹಾಜಿ ತಯ್ಯಬನ ಗಾಣದಲ್ಲಿ ಸರದಿಯ ಜಗಳ ಆಯಿತು. ಬಾಗಿಲ ಬಳಿ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆಯುವುದು ಅಲ್ಲಿನ ಪದ್ಧತಿ. ಯಾರದೋ ತೋಳು ತಾಗಿ ನಾಲ್ಕು ಹೆಸರು ಅಳಿಸಿಹೋಗಿ, ನಾಲ್ವರೂ ತಾವೇ ಮೊದಲು ಎಂದು ಕುತ್ತಿಗೆಪಟ್ಟಿ ಹಿಡಿದುಕೊಂಡಿದ್ದರು. ಈ ಸಲ ಮೊನ್ಸೆಫ್ ತಾನಾಗಿಯೇ ಹೋಗಿ, ಅಂಗಳದಲ್ಲಿ ದೊಡ್ಡ ಪರದೆ ಹಾಕೋಣ, ಸರದಿಯನ್ನು ಪ್ರೋಗ್ರಾಮೇ ಕೂಗಲಿ, ಒಂದು ಕಾಸೂ ಬೇಡ ಎಂದ. ಯಾರೂ ಕರೆಯದೆ ಹೋದದ್ದು. ಇದನ್ನು ಅವನು ಈಗಲೂ ಒತ್ತಿ ಹೇಳುತ್ತಾನೆ.

ಹಾಜಿ ಗಡ್ಡ ಸವರಿಕೊಂಡು ಕೇಳಿದ. "ಚೀಲದವರ ವಿಷಯ ಗೊತ್ತಲ್ಲಾ?"

"ನಮ್ಮಮ್ಮನೇ ಚೀಲದವಳು ಹಾಜಿ. ನನಗೆ ಗೊತ್ತಿಲ್ವಾ?"

ಚೀಲದವರು ಎಂದರೆ ದೊಡ್ಡ ತೋಟಗಳ ಕೊಯ್ಲು ಮುಗಿದ ಮೇಲೆ ಮರದಡಿ ಉದುರಿದ ಕಾಯಿ ಹೆಕ್ಕುವ ಹೆಂಗಸರು. ದಿನವೆಲ್ಲಾ ಬಗ್ಗಿದರೆ ಒಂದು ಚೀಲ. ನೆಲಕ್ಕೆ ಬಿದ್ದು ಪೆಟ್ಟಾದ ಕಾಯಿ ಅದು, ಚೀಲದಲ್ಲಿ ಇನ್ನೊಂದು ರಾತ್ರಿ ಕಳೆದರೆ ಒಳಗೇ ಬಿಸಿಯೇರಿ ಎಣ್ಣೆ ಕಮಟಾಗುತ್ತದೆ. ಅದಕ್ಕೇ ಹಾಜಿಯ ಅಜ್ಜನ ಕಾಲದಿಂದ ಆ ಗಾಣದಲ್ಲಿ ಒಂದು ಕಟ್ಟಳೆ: ಒಂದು ಲಾರಿ ಕಾಯಿ ಅರೆದ ಮೇಲೆ ಒಂದು ಚೀಲ, ಮತ್ತೆ ಒಂದು ಲಾರಿ, ಮತ್ತೆ ಒಂದು ಚೀಲ. ಎಂಥಾ ಸಾಹುಕಾರನ ಲಾರಿಯಾದರೂ ಚೀಲದವಳಿಗೆ ದಾರಿ ಬಿಡಬೇಕು.

ಮೊನ್ಸೆಫ್‌ನ ತಾಯಿ ಝ್ಲೈಖಾ ಗಂಡ ಸತ್ತ ಮೇಲೆ ಹೀಗೆ ಹೆಕ್ಕಿಯೇ ಮಗನನ್ನು ಓದಿಸಿದ್ದಳು. ಈಗ ಎಪ್ಪತ್ತಾರಾದರೂ ಹೋಗುವುದು ಬಿಟ್ಟಿಲ್ಲ. ಮಗ ಪೀಪಾಯಿಗಟ್ಟಲೆ ಎಣ್ಣೆ ತಂದಿಟ್ಟರೂ, "ನಾನು ಹೆಕ್ಕಿದ್ದೇ ನನಗೆ ರುಚಿ ಕಣೋ" ಎನ್ನುತ್ತಾಳೆ.

"ಹಾಗಾದ್ರೆ ಸರಿ," ಎಂದ ಹಾಜಿ. "ಆದ್ರೆ ಕೇಳಿಸ್ಕೋ. ಮೊದಲ ದಿನ ಚೀಲದವಳು ಒಬ್ಬಳು, ಒಬ್ಬಳೇ ಒಬ್ಬಳು, ಕಾಯಿ ಅರೆಸದೆ ವಾಪಸ್ ಹೋದ್ಲು ಅಂದ್ರೆ ನಿನ್ನ ಪರದೆ ಅವತ್ತೇ ಕೆಳಗಿಳೀಬೇಕು."

"ಬರೆದು ಕೊಡ್ತೀನಿ," ಎಂದ ಮೊನ್ಸೆಫ್.

ಮನೆಯ ಕಂಪ್ಯೂಟರಿನಲ್ಲಿ ಎರಡು ವಾರ ಕೂತು ಪ್ರೋಗ್ರಾಮ್ ಬರೆದ. ಗಾಣ ಶುರುವಾಗುವ ಹಿಂದಿನ ದಿನ ಬೆಳಗ್ಗೆ ಅದನ್ನು ಗಾಣದ ಕಂಪ್ಯೂಟರಿಗೆ ತಂದು, ಅಲ್ಲಿದ್ದ ಹೊಸ ಎಡಿಟರಿನಲ್ಲಿ ಅಂಟಿಸಿದ. ಎಡಿಟರ್ ಎಂದರೆ ಪ್ರೋಗ್ರಾಮ್ ಬರೆಯುವ ಹಲಗೆ ಎಂದುಕೊಳ್ಳಿ. ಈ ಹಲಗೆಗೆ ಉಪಕಾರ ಮಾಡುವ ಹುಚ್ಚು. ಪ್ರತಿ ಸಾಲಿನ ಮುಂದೆ ಎಷ್ಟು ಜಾಗ ಬಿಡಬೇಕೆಂದು ಅದೇ ತೀರ್ಮಾನಿಸುತ್ತದೆ. ಮೊನ್ಸೆಫ್ ಮೊದಲೇ ಬಿಟ್ಟಿದ್ದ ಜಾಗದ ಮೇಲೆ ತನ್ನದೂ ಒಂದಿಷ್ಟು ಸೇರಿಸಿತು. ಮುಂದಿನ ಸಾಲಿಗೆ ಇನ್ನಷ್ಟು, ಅದರ ಮುಂದಿನದಕ್ಕೆ ಮತ್ತೂ ಇನ್ನಷ್ಟು. ಇನ್ನೂರು ಸಾಲೂ ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಇಳಿಯುತ್ತಾ ಹೋಗಿ, ಕೊನೆಯವು ಪರದೆಯ ಆಚೆ ಎಲ್ಲೋ ಮಾಯವಾದವು.

ಜಗತ್ತಿನಲ್ಲಿ ಪ್ರೋಗ್ರಾಮ್ ಬರೆಯುವ ಪ್ರತಿಯೊಬ್ಬನೂ ಒಮ್ಮೆಯಾದರೂ ಈ ಮೆಟ್ಟಿಲು ಇಳಿದವನೇ. ಗೊತ್ತಿರುವವರನ್ನು ಕೇಳಿದ್ದರೆ ಎರಡು ನಿಮಿಷದ ಕೆಲಸ. ಕೇಳಬೇಕಾದವರು ಯಾರು, ಅವನ ಹಳೇ ಶಿಷ್ಯರು. ಅವರೆದುರು ಸಾಲು ಮೇಷ್ಟ್ರು ತನ್ನ ಸಾಲು ಸೊಟ್ಟಗಾಗಿದೆ ಎಂದು ಒಪ್ಪಿಕೊಳ್ಳುವುದೇ? ನಾಲಿಗೆ ಬಿದ್ದುಹೋದರೂ ಇಲ್ಲ.

ಕೈಯಿಂದಲೇ ಎಳೆಯತೊಡಗಿದ. ಪೆನ್ಸಿಲ್ ತುದಿಯಲ್ಲಿ ಗಾಜಿನ ಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ಜಾಗ ಎಣಿಸುತ್ತಾ ಒಂದೊಂದೇ ಸಾಲನ್ನು ಎಡಕ್ಕೆ ತಂದ. ಒಂದನ್ನು ಸರಿ ಮಾಡಿ ಎಂಟರ್ ಒತ್ತಿದರೆ ಎಡಿಟರ್ ಕೆಳಗಿನದನ್ನು ಮತ್ತೆ ಒಳಗೆ ದಬ್ಬುತ್ತಿತ್ತು. ಮಧ್ಯಾಹ್ನ ನಝೀಹಾ ಬುತ್ತಿ ತಂದಾಗ ಅವನು ಪರದೆಗೆ ಬೈಯುತ್ತಾ ಕೂತಿದ್ದ.

"ಬೆಳಗ್ಗೆಯಿಂದ ಇದನ್ನೇ ಮಾಡ್ತಿದ್ದೀಯಾ?"

"ಇದು ನನ್ನ ಮಾತು ಕೇಳ್ತಿಲ್ಲ."

"ಇಪ್ಪತ್ತೆರಡು ವರ್ಷ ಪಾಠ ಮಾಡಿದವನು ನೀನು. ನಿನ್ನ ಮಾತು ಕೇಳದೇ ಇರೋದು ಇದೊಂದೇನಾ? ಆಮೇಲೆ ಬೈದುಕೋ, ಮೊದಲು ತಿನ್ನು."

ಬಾಯಿಗೆ ರೊಟ್ಟಿ ತುರುಕಿಕೊಂಡೇ ಎಡಿಟರಿನ ಸಹಾಯಪುಟ ತೆರೆದ. ಎರಡನೇ ಸಾಲಿನಲ್ಲೇ ಇತ್ತು: ಅಂಟಿಸುವ ಮೊದಲು ತಾನಾಗಿ ಜಾಗ ಬಿಡುವ ಸೌಲಭ್ಯವನ್ನು ಬಂದ್ ಮಾಡಿ. ಬಂದ್ ಮಾಡಿ, ಎಲ್ಲಾ ಅಳಿಸಿ, ಮತ್ತೆ ಅಂಟಿಸಿದ್ದರೆ ಅಲ್ಲಿಗೆ ಮುಗಿದಿತ್ತು. ಆದರೆ ನೂರಮೂವತ್ತು ಸಾಲನ್ನು ಬೆರಳು ನೋಯುವಂತೆ ಸರಿ ಮಾಡಿದ ಮನುಷ್ಯ ಅದನ್ನು ಅಳಿಸಿಯಾನೆ? ಉಳಿದ ಎಪ್ಪತ್ತನ್ನು ಎಡಿಟರೇ ನೇರ ಮಾಡಲಿ ಎಂದು ಅದಕ್ಕಿದ್ದ ಗುಂಡಿ ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲಾ ನೇರವಾಯಿತು. ನಡುವೆ ಒಂದು ಸಾಲಿನ ಮೇಲೆ ಅವನು ಒಂದು ಖಾಲಿ ಸಾಲು ಬಿಟ್ಟಿದ್ದ, ಅಲ್ಲಿಗೆ ಮೇಲಿನ ಮನೆ ಮುಗಿಯಿತೆಂದು ತಿಳಿದ ಎಡಿಟರ್ ಕೆಳಗಿನ ಸಾಲನ್ನು ಅಂಚಿಗೆ ತಂದು ನಿಲ್ಲಿಸಿತು. ಮೊನ್ಸೆಫ್ ಹಿಂದೆ ವಾಲಿ ನೋಡಿದ. ಅವನಿಗೆ ಅದು ಚೆಂದವೇ ಕಂಡಿತು. ಒಂದು ಲಾರಿ, ಒಂದು ಚೀಲ ಎಂದು ಹೆಸರು ಕೊಟ್ಟು ಓಡಿಸಿದ. ಮೊದಲು ಲಾರಿಯನ್ನು ಕೂಗಿತು, ಆಮೇಲೆ ಚೀಲವನ್ನು. ಕಂಪ್ಯೂಟರ್ ಆರಿಸಿ ಮನೆಗೆ ಹೋದ.

ಮರುದಿನ ಗಾಣದ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರದೆಯ ಮೇಲೆ ಹೆಸರು ಬಂದಾಗಲೆಲ್ಲಾ ಜನ ತಲೆಯೆತ್ತಿ ನೋಡಿ ತಮ್ಮಷ್ಟಕ್ಕೆ ಲಾರಿ ಮುಂದೆ ತರುತ್ತಿದ್ದರು. ಜಗಳವಿಲ್ಲ, ತಳ್ಳಾಟವಿಲ್ಲ. ತೋಟದ ಯಜಮಾನರು ಮೊನ್ಸೆಫ್‌ನನ್ನು ಕರೆದು ಕೆಂಪು ಚಹಾ ಕುಡಿಸಿದರು. "ಮೊನ್ಸೆಫ್ ಮೇಷ್ಟ್ರೇ, ನಮ್ಮ ಹುಡುಗರಿಗೆ ನೀವು ಅಂಕ ಕಡಿಮೆ ಕೊಟ್ಟಿದ್ದು ಸುಮ್ನೆ ಅಲ್ಲ ಬಿಡಿ," ಎಂದು ಒಬ್ಬ ಅಂದ. ಮೊನ್ಸೆಫ್ ಐದು ಲೋಟ ಚಹಾ ಕುಡಿದ. ಐದೂ ಲೋಟ ನೆನಪಿದೆ ಅವನಿಗೆ.

ಗೋಡೆಯ ಪಕ್ಕ ಹದಿನಾಲ್ಕು ಹೆಂಗಸರು ತಂತಮ್ಮ ಚೀಲದ ಮೇಲೆ ಕೂತಿದ್ದರು. ಝ್ಲೈಖಾ ನಡುವೆ ಇದ್ದಳು. ಅವಳ ಪಕ್ಕದ ಮಬ್ರೂಕಾ ಎಂಬಾಕೆ ಹತ್ತೂವರೆಯ ಹೊತ್ತಿಗೆ ಕೇಳಿದಳು. "ಅಲ್ಲಾ, ಲಾರಿ ಆದ್ಮೇಲೆ ಚೀಲ ಅಲ್ವಾ? ನಮ್ಮನ್ಯಾಕೆ ಕೂಗ್ತಿಲ್ಲ?"

"ಸುಮ್ನಿರೇ," ಎಂದಳು ಝ್ಲೈಖಾ. "ಅದು ನನ್ನ ಮಗನ ಯಂತ್ರ. ಎಲ್ಲಾ ಲೆಕ್ಕ ಹಾಕಿ ಕೂಗುತ್ತೆ. ನಿನಗೇನು ಗೊತ್ತು?"

ಅಲ್ಲೇ ಹಾದುಹೋಗುತ್ತಿದ್ದ ಮೊನ್ಸೆಫ್‌ಗೆ ಇದು ಕೇಳಿಸಿತು. ನಿಂತು ನೋಡಿದನೇ? ಇಲ್ಲ. "ಯಂತ್ರಕ್ಕೆ ಅದರದ್ದೇ ಲೆಕ್ಕ ಇರುತ್ತೆ ಖಾಲ್ತಿ, ನಂಬಿಕೆ ಇಡಿ," ಎಂದು ಮಬ್ರೂಕಾಳಿಗೆ ಚಿಕ್ಕಮ್ಮನನ್ನು ಕರೆಯುವ ಹಾಗೆ ಹೇಳಿ ನಾಲ್ಕನೇ ಲೋಟದ ಕಡೆ ನಡೆದ. ಮಧ್ಯಾಹ್ನ ಇನ್ನಿಬ್ಬರು ಗೊಣಗಿದರು. ಅವರ ಬಾಯನ್ನೂ ಝ್ಲೈಖಾಳೇ ಮುಚ್ಚಿಸಿದಳು.

ಮೂರು ಗಂಟೆಗೆ ಒಳಗಿನಿಂದ ಹಾಜಿ ಬಂದ.

"ಎಷ್ಟು ಲಾರಿ ಆಯ್ತು ಮೇಷ್ಟ್ರೇ?"

"ಹನ್ನೊಂದು ಹಾಜಿ."

"ಚೀಲ?"

ಮೊನ್ಸೆಫ್ ಗೋಡೆಯ ಕಡೆ ನೋಡಿದ. ಹದಿನಾಲ್ಕು ಜನ ಬೆಳಗ್ಗೆ ಕೂತ ಜಾಗದಲ್ಲೇ ಕೂತಿದ್ದರು.

ಕಂಪ್ಯೂಟರಿನ ಮುಂದೆ ಕೂತು ಹುಡುಕಲು ಒಂದು ನಿಮಿಷವೂ ಬೇಕಾಗಲಿಲ್ಲ. ಒಂದು ಚೀಲ ಕೂಗು ಎನ್ನುವ ಆ ಸಾಲು ಪ್ರತಿ ಲಾರಿಯ ಮನೆಯೊಳಗೆ ಇರಬೇಕಾದದ್ದು, ಅಂಚಿಗೆ ಅಂಟಿಕೊಂಡು ಬೀದಿಯಲ್ಲಿ ನಿಂತಿತ್ತು. ಲಾರಿಗಳೆಲ್ಲಾ ಮುಗಿದ ಮೇಲೆ ಒಂದೇ ಒಂದು ಚೀಲ ಕೂಗುವುದು ಅದಕ್ಕೆ ಸಿಕ್ಕ ಅಪ್ಪಣೆ. ಒಂದೇ ಲಾರಿ, ಒಂದೇ ಚೀಲ ಇಟ್ಟು ಓಡಿಸಿದರೆ ಈ ತಪ್ಪು ಕಾಣುವುದೇ ಇಲ್ಲ. ಎರಡೆರಡು ಇಟ್ಟು ಪರೀಕ್ಷಿಸಿ ಎಂದು ಮಕ್ಕಳ ತಲೆಗೆ ಮೊಟಕಿ ಹೇಳುತ್ತಿದ್ದವನು ಇವನೇ. ಖಾಲಿ ಜಾಗದ ಗುಂಡಿಯನ್ನು ನಾಲ್ಕು ಸಲ ಒತ್ತಿದ. ಸರಿಹೋಯಿತು.

ಪ್ರೋಗ್ರಾಮ್ ಸರಿಹೋಯಿತು, ಹೋದ ಹೊತ್ತು ಬರಲಿಲ್ಲ. ಹಾಜಿ ಲಾರಿಗಳನ್ನೆಲ್ಲಾ ನಿಲ್ಲಿಸಿ ಬರೀ ಚೀಲಗಳನ್ನು ಒಳಗೆ ಬಿಟ್ಟ. ಗಾಣ ನಿಲ್ಲುವುದು ಏಳಕ್ಕೆ. ಒಂದು ಚೀಲಕ್ಕೆ ಹದಿನೆಂಟು ನಿಮಿಷ. ಹೇಗೆ ಎಣಿಸಿದರೂ ಹದಿಮೂರಕ್ಕಿಂತ ಹೆಚ್ಚು ಸಾಗುವುದಿಲ್ಲ. ಚಹಾ ಕುಡಿಸಿದ ಯಜಮಾನರು ಈಗ ಅವನನ್ನು ಮಾತಾಡಿಸಲಿಲ್ಲ.

ಆರನೆಯದಾಗಿ ಪರದೆಯ ಮೇಲೆ ಝ್ಲೈಖಾಳ ಹೆಸರು ಬಂತು. ಅವಳು ಏಳಲಿಲ್ಲ. "ಮಬ್ರೂಕಾ, ನೀನು ಹೋಗೇ," ಎಂದಳು. ಮಬ್ರೂಕಾಳ ಹೆಸರು ಬಂದಾಗ ಇನ್ನೊಬ್ಬಳನ್ನು ಕಳಿಸಿದಳು. ಮೊನ್ಸೆಫ್ ಹೋಗಿ ಎದುರು ಕುಕ್ಕರಗಾಲಲ್ಲಿ ಕೂತ.

"ಉಮ್ಮಿ, ನಿನ್ನ ಸರದಿ. ಏಳು."

"ಎಲ್ರದ್ದೂ ಆಗ್ಲಿ. ನಾನು ಕೊನೆಗೆ."

"ಕೊನೇದಕ್ಕೆ ಹೊತ್ತು ಸಾಲಲ್ಲ ಉಮ್ಮಿ. ಬೆಳಗ್ಗೆಯಿಂದ ಇಲ್ಲೇ ಕೂತಿದ್ದೀಯ, ಲಾರಿ ಮೇಲೆ ಲಾರಿ ಹೋಗ್ತಿತ್ತು. ನಿನಗೆ ಗೊತ್ತಾಗ್ಲಿಲ್ವಾ?"

ಅವಳು ಸೆರಗಿನಂತೆ ಹೊದ್ದಿದ್ದ ಬಿಳಿ ಬಟ್ಟೆಯನ್ನು ಗಲ್ಲದವರೆಗೆ ಎಳೆದುಕೊಂಡಳು. ದನಿ ತಗ್ಗಿಸಿ ಹೇಳಿದಳು. "ಮೂರನೇ ಲಾರಿ ಹೋದಾಗ್ಲೇ ಗೊತ್ತಾಯ್ತು ಕಣೋ. ನಲವತ್ತು ವರ್ಷದಿಂದ ಈ ಗೋಡೆ ಪಕ್ಕ ಕೂತವಳಿಗೆ ಗೊತ್ತಾಗಲ್ವಾ?"

"ಮತ್ತೆ ಹೇಳಬಾರದಾ?"

"ಅಷ್ಟು ಜನ ನಿನ್ನನ್ನ ಹೊಗಳ್ತಿದ್ರು. ಅವರ ಮುಂದೆ ನನ್ನ ಮಗನ ಯಂತ್ರ ತಪ್ಪು ಅಂತ ನಾನೇ ಹೇಳ್ಲಾ? ನೀನೇ ನೋಡಿ ಸರಿ ಮಾಡ್ತೀಯ ಅಂದ್ಕೊಂಡೆ. ಇವರ ಬಾಯೆಲ್ಲಾ ನಾನೇ ಮುಚ್ಚಿಸ್ಬಿಟ್ಟೆ. ಈಗ ಇವರಿಗಿಂತ ಮುಂಚೆ ಹೋಗೋಕೆ ನನಗೆ ಯಾವ ಮುಖ?"

ಮೊನ್ಸೆಫ್‌ಗೆ ಅಳು ಬಂತು. ಐವತ್ತು ದಾಟಿದ ಗಂಡಸು, ಅಂಗಳದ ನಡುವೆ, ಮುಖ ಒರೆಸಿಕೊಳ್ಳಲು ಕೈಯನ್ನು ಎತ್ತಲೂ ನಾಚಿಕೆ. ಅವಳ ಚೀಲದ ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ಇಳಿಸಿದ. ಒಳಗೆ ಕಾಯಿ ಆಗಲೇ ಬೆಚ್ಚಗಾಗಿತ್ತು.

ಏಳಕ್ಕೆ ಗಾಣ ನಿಂತಿತು. ಹದಿಮೂರು ಚೀಲ ಮುಗಿದಿತ್ತು. ಮೊನ್ಸೆಫ್ ಏಣಿ ತಂದು ಪರದೆಯನ್ನು ತಾನೇ ಬಿಚ್ಚಿ ಕೆಳಗಿಳಿಸಿದ. ಆಮೇಲೆ ತಾಯಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ನಡೆದ. ಅವಳು ಪಕ್ಕದಲ್ಲಿ ಬಂದಳು.

ಬೆಳಗ್ಗೆ ಮೊದಲ ಸರದಿ ಅವಳದೇ. ಹೊಸ ಎಣ್ಣೆ ಬಂದ ತಕ್ಷಣ ಬಿಸಿ ರೊಟ್ಟಿ ಅದ್ದಿ ಅಲ್ಲಿದ್ದವರಿಗೆಲ್ಲಾ ಕೊಡುವುದು ಗಾಣದ ಪದ್ಧತಿ. ಮೊದಲ ತುತ್ತನ್ನು ಝ್ಲೈಖಾ ಬಾಯಿಗಿಟ್ಟುಕೊಂಡಳು. ಲಾರಿಯ ಯಜಮಾನರು, ಹೆಂಗಸರು, ಹಾಜಿ, ಎಲ್ಲರೂ ಅವಳ ಮುಖ ನೋಡುತ್ತಿದ್ದರು. ಅವಳು ನಿಧಾನವಾಗಿ ಅಗಿದು ನುಂಗಿದಳು.

"ಚೆನ್ನಾಗಿದೆ," ಎಂದಳು. "ಏನೂ ಆಗಿಲ್ಲ. ಚೆನ್ನಾಗೇ ಇದೆ."

ಮೊನ್ಸೆಫ್ ಒಂದು ಚೂರು ಅದ್ದಿ ತಿಂದ. ಕಮಟು ಗಂಟಲಿಗೆ ಹಿಡಿಯಿತು.

"ಕೆಟ್ಟಿದೆ," ಎಂದ, ಗೋಡೆಯ ಪಕ್ಕದವರಿಗೂ ಕೇಳುವ ಹಾಗೆ. "ಕಮಟಾಗಿದೆ. ತಪ್ಪು ನಂದು. ನಿನ್ನೆ ಮಬ್ರೂಕಾ ಖಾಲ್ತಿ ಹೇಳಿದಾಗ ನಾನು ಕೇಳ್ಲಿಲ್ಲ."

ತಾಯಿ ಅವನ ತೋಳು ಹಿಡಿದು ಜಗ್ಗಿದಳು. "ಮೆಲ್ಲಗೆ ಮಾತಾಡೋ. ಜನ ಕೇಳಿಸ್ಕೋತಾರೆ."

"ಕೇಳಿಸ್ಕೊಳ್ಳಲಿ ಅಂತಾನೇ ಉಮ್ಮಿ," ಎಂದು ಅವನು ಇನ್ನೊಂದು ಚೂರು ರೊಟ್ಟಿ ಮುರಿದು ಆ ಎಣ್ಣೆಯಲ್ಲೇ ಅದ್ದಿದ.