ಬ್ರೇಕಕ್ಕನೂ ಮೊಳೆಗೆ ತೂಗುವ ನಟ್ಟೂ

ಬೆಳಗಿನ ಐದೂವರೆ. ಒಂದು ರಿಪೇರಿ ಶೆಡ್ಡು. ಅರವತ್ತು ವರ್ಷ ಹಳೆಯದಾದ, ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರೊಂದು ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತಿದೆ. ಅದರ ಅಡಿಯಿಂದ ಎರಡು ರಬ್ಬರ್ ಚಪ್ಪಲಿಗಳು ಮಾತ್ರ ಹೊರಗೆ ಕಾಣುತ್ತಿವೆ. ಚಪ್ಪಲಿಯ ಒಡತಿ ಒಳಗೆ ಅಂಗಾತ ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಯಾರನ್ನೋ ಬೈಯುತ್ತಿದ್ದಾರೆ. ಟಾರ್ಚು ಕಚ್ಚಿಕೊಂಡೂ ಇಷ್ಟು ಸ್ಪಷ್ಟವಾಗಿ ಬೈಯಬಹುದು ಎಂಬುದು ಇಲ್ಲಿಗೆ ಬಂದ ಮೇಲೆಯೇ ತಿಳಿಯುವುದು.

ಇವರು ಬ್ರೇಕಕ್ಕ. ವಯಸ್ಸು ಐವತ್ತನಾಲ್ಕು. ಹಳೆಯ ಕಾರುಗಳ ಬ್ರೇಕ್ ಪೈಪುಗಳನ್ನು ತೆಗೆದು, ಕೈಯಿಂದಲೇ ಹೊಸದನ್ನು ಮಾಡಿ ಕೂರಿಸುವುದು ಇವರ ಕೆಲಸ. ಎಂಜಿನ್ ಮುಟ್ಟುವುದಿಲ್ಲ, ಬಣ್ಣ ಬಳಿಯುವುದಿಲ್ಲ, ಸೀಟು ಹೊಲಿಯುವುದಿಲ್ಲ. ಬ್ರೇಕು, ಬ್ರೇಕು ಮತ್ತು ಬ್ರೇಕು. ಕಾರಿನ ಪ್ರದರ್ಶನಗಳಲ್ಲಿ ಫಳಫಳ ಹೊಳೆಯುವ ಬಾನೆಟ್ಟಿನ ಮುಂದೆ ನಿಂತು ಜನ ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಆ ಹೊಳಪಿನ ಹಿಂದಿನ ಹೆಸರುಗಳೆಲ್ಲ ಬೋರ್ಡಿನ ಮೇಲೆ ಬರುತ್ತವೆ. ಆ ಕಾರು ಇಳಿಜಾರಿನಲ್ಲಿ ನಿಲ್ಲುವಂತೆ ಮಾಡಿದವರ ಹೆಸರು ಎಲ್ಲೂ ಇರುವುದಿಲ್ಲ. ಮೂವತ್ತೈದು ವರ್ಷದಲ್ಲಿ ಒಂದು ಸಲವೂ ಬಂದಿಲ್ಲ.

ಪೆನ್ಸಿಲ್ಲಿಗಿಂತ ತೆಳ್ಳಗಿನ ಪೈಪು ಅದು. ಕಾಲು ಪೆಡಲನ್ನು ಒತ್ತಿದಾಗ ಆ ಒತ್ತಡವನ್ನು ಗಾಲಿಗೆ ಮುಟ್ಟಿಸುವುದು ಅದರೊಳಗಿನ ಬ್ರೇಕ್ ಆಯಿಲ್. ಆಯಿಲ್ ಮೆಲ್ಲಮೆಲ್ಲನೆ ನೀರಿನ ಪಸೆ ಹೀರಿಕೊಳ್ಳುತ್ತದೆ, ಉಕ್ಕಿನ ಪೈಪು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಹೊರಗೆ ನೋಡಿದರೆ ಹೊಸದರಂತೆಯೇ ಇರುತ್ತದೆ. ಇಂದಿನ ಕಾರುಗಳಲ್ಲಿ ಆಯಿಲ್ಲಿಗೆ ಎರಡು ದಾರಿ, ಒಂದು ಕೈಕೊಟ್ಟರೂ ಇನ್ನೊಂದಿರುತ್ತದೆ. ಈ ಕೆಂಪು ಕಾರಿನಲ್ಲಿ ನಾಲ್ಕು ಗಾಲಿಗೂ ಒಂದೇ ದಾರಿ. ಎಲ್ಲಿ ಒಡೆದರೂ ಪೆಡಲು ನೆಲ ಮುಟ್ಟುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ.

ಇಂದು ಶುಕ್ರವಾರ. ಭಾನುವಾರ ಹಳೆಯ ಕಾರುಗಳ ರ‍್ಯಾಲಿ. ಗುಡ್ಡದ ಮೇಲಿನಿಂದ ಹನ್ನೊಂದು ತಿರುವು ಇಳಿದು ಕೆಳಗಿನ ಮೈದಾನಕ್ಕೆ ಬರಬೇಕು, ಅಲ್ಲಿ ಜಡ್ಜುಗಳು ಕಾರುಗಳಿಗೆ ಅಂಕ ಹಾಕಿ ಬಹುಮಾನ ಕೊಡುತ್ತಾರೆ. ಕಾರಿಗೆ ಒಟ್ಟು ಏಳು ಪೈಪು, ಆರು ಆಗಿವೆ. ಏಳನೆಯದು ಎಲ್ಲಕ್ಕಿಂತ ಉದ್ದದ್ದು, ಮುಂದಿನಿಂದ ಹಿಂದಿನ ಗಾಲಿಗಳವರೆಗೆ ಹೋಗುವಂಥದ್ದು. ಬ್ರೇಕಕ್ಕ ಹೊರಗೆ ಜಾರಿ ಬರುತ್ತಾರೆ, ಸುರುಳಿಯಿಂದ ಹೊಸ ಪೈಪು ಬಿಚ್ಚುತ್ತಾರೆ, ಹಳೆಯ ರಾಟೆಯೊಂದಕ್ಕೆ ಆನಿಸಿ ಹೆಬ್ಬೆರಳಿನಿಂದ ಬಾಗಿಸುತ್ತಾರೆ. ಹದಿನಾಲ್ಕು ಬಾಗು. ಒಂದು ಬೆರಳಷ್ಟು ಹೆಚ್ಚುಕಡಿಮೆಯಾದರೂ ಸೈಲೆನ್ಸರಿಗೆ ತಾಗಿ ಕಾಯುತ್ತದೆ. ಬಾಗಿಸಿದ್ದಾದ ಮೇಲೆ ಪೈಪಿನ ಬಾಯಿ ಅರಳಿಸಬೇಕು. ಅರಳಿದ ಬಾಯಿಯ ಹಿಂದೆ ಕೂತ ನಟ್ಟೇ ಪೈಪನ್ನು ಬಿಗಿಯಾಗಿ ಹಿಡಿಯುವುದು. ಅವರು ಪೈಪನ್ನು ಮೇಜಿನ ವೈಸಿನ ದವಡೆಗೆ ಸಿಕ್ಕಿಸಿ, ಬಾಯಿ ಅರಳಿಸುವ ಹಿಡಿಯ ಮೇಲೆ ಕೈ ಇಡುತ್ತಾರೆ. ಅಷ್ಟರಲ್ಲಿ ಮೂಲೆಯಿಂದ ಒಂದು ದನಿ.

"ಅಕ್ಕಾ, ನಟ್ಟು?"

"ಹಾಕಿದೀನಿ."

"ನೋಡಿ ಹೇಳು."

"ಕಣ್ಣಿದೆ ಕಣೋ ನಂಗೆ. ಹಾಕಿದೀನಿ, ಎರಡೂ."

ದನಿ ಒಡಹುಟ್ಟಿದ ತಮ್ಮನದು. ಸುತ್ತಮುತ್ತಲಿನ ಗ್ಯಾರೇಜಿನವರ ಬಾಯಲ್ಲಿ ಇವರು ಪೆಡಲಣ್ಣ. ವಯಸ್ಸು ನಲವತ್ತೆಂಟು, ಮಾತು ಕಡಿಮೆ, ಬಲಗಾಲಿಗೆ ದಪ್ಪ ತಳದ ಬೂಟು. ಒಂದು ಕಾರಿಗೆ ಹದಿನಾಲ್ಕು ಬಾಯಿ ಅರಳಿಸಬೇಕೆಂದರೆ ಹದಿನಾಲ್ಕು ಸಲವೂ ಈ ಪ್ರಶ್ನೋತ್ತರ ಆಗಲೇಬೇಕು. ಹೊಸಬರಿಗೆ ಇದು ಅಕ್ಕ-ತಮ್ಮನ ತಮಾಷೆಯಂತೆ ಕಾಣುತ್ತದೆ. ವೈಸಿನ ಎದುರು, ಬ್ರೇಕಕ್ಕನ ಕಣ್ಣಿನ ಮಟ್ಟಕ್ಕೇ ಹೊಡೆದ ಮೊಳೆಯಲ್ಲಿ ದಾರ ಕಟ್ಟಿ ತೂಗುಹಾಕಿದ ಒಂಟಿ ನಟ್ಟೂ ಹಾಗೆಯೇ ಕಾಣುತ್ತದೆ.

ಈ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಎರಡೂ ಬಾಯಿ ಅರಳಿಸಿ, ಬೆವರು ಒರೆಸಿಕೊಂಡು, ಪೈಪು ಕೂರಿಸಲು ಹೋದರೆ ನಟ್ಟು ಮೇಜಿನ ಮೇಲೇ ನಗುತ್ತಿರುತ್ತದೆ! ಮೊದಲೇ ತೂರಿಸದೆ ಬಾಯಿ ಅರಳಿಸಿದರೆ ಆಮೇಲೆ ನಟ್ಟು ಹೋಗುವುದಿಲ್ಲ. ಆಗ ಇರುವುದು ಒಂದೇ ನ್ಯಾಯದ ದಾರಿ: ಆ ಪೈಪು ಎಸೆದು ಮೊದಲಿನಿಂದ ಮಾಡುವುದು. "ಸುಸ್ತಾದ ಕೈ ಮರೆಯುತ್ತೆ. ಅದಕ್ಕೇ ದಿನಕ್ಕೆ ಮೂರೇ ಪೈಪು ಮಾಡೋದು. ನಾಲ್ಕನೇದಕ್ಕೆ ಯಾರು ಬಂದು ಕೈ ಮುಗಿದ್ರೂ ಮಾಡಲ್ಲ" ಎನ್ನುತ್ತಾರೆ ಬ್ರೇಕಕ್ಕ. ಮಾತಾಡುವಾಗ ಅಂಗೈ ತೋರಿಸುತ್ತಾರೆ. ಬ್ರೇಕ್ ಆಯಿಲ್ ಕಾರಿನ ಬಣ್ಣವನ್ನೇ ಸುಲಿದುಬಿಡುತ್ತದೆ, ಚರ್ಮವನ್ನು ಬಿಟ್ಟೀತೇ? ಗೆರೆಗಳೆಲ್ಲ ಸೀಳಿ ನಿಂತಿವೆ.

ಈ ಕೆಂಪು ಕಾರಿನ ಒಡೆಯರು ನಿವೃತ್ತರಾದ ಕಣ್ಣಿನ ಡಾಕ್ಟರು. ಪೆಡಲು ಮೆತ್ತಗಾಗುತ್ತಿದೆ ಎಂದು ಸೋಮವಾರ ಕಾರು ತಂದರು. ಯಾರೇ ಕಾರು ತರಲಿ, ಬ್ರೇಕಕ್ಕ ಕೇಳುವ ಮೊದಲ ಪ್ರಶ್ನೆ ಒಂದೇ: "ಪಕ್ಕದ ಸೀಟಲ್ಲಿ ಯಾರು ಕೂರ್ತಾರೆ?" ಡಾಕ್ಟರು ಹೆಮ್ಮೆಯಿಂದ, "ಮೊಮ್ಮಗಳು. ಏಳು ವರ್ಷ. ಹೊಸ ಕೆಂಪು ಫ್ರಾಕು ಹೊಲಿಸಿದೀವಿ, ಕಾರಿಗೆ ಮ್ಯಾಚಿಂಗು" ಎಂದರು. ಮರುದಿನ ಬ್ರೇಕಕ್ಕ ಉದ್ದದ ಪೈಪಿನ ಮೇಲಿನ ಕಪ್ಪು ಬಣ್ಣ ಕೆರೆದರು. ಬಣ್ಣದ ಕೆಳಗೆ ಕಪ್ಪು ಟೇಪು. ಟೇಪಿನ ಕೆಳಗೆ ಹಿತ್ತಾಳೆಯ ಒಂದು ಪುಟ್ಟ ಕೊಳವೆ, ಅದರ ಎರಡೂ ತುದಿಯಲ್ಲಿ ಆಯಿಲ್ ಜಿನುಗು. ಯಾರೋ ನಟ್ಟು ಮರೆತಿದ್ದಾರೆ, ಹೊಸ ಪೈಪು ಮಾಡಲು ಸೋಮಾರಿತನ, ನಡುವೆ ಕತ್ತರಿಸಿ, ಅಲ್ಲಿಂದ ನಟ್ಟು ತೂರಿಸಿ, ಕತ್ತರಿಸಿದ್ದನ್ನು ಕೊಳವೆಯಿಂದ ಸೇರಿಸಿ ಮುಚ್ಚಿಬಿಟ್ಟಿದ್ದಾರೆ.

ಅದನ್ನು ಕಂಡದ್ದೇ ಬ್ರೇಕಕ್ಕನ ಪಿತ್ತ ನೆತ್ತಿಗೇರಿತು. ಏಕೆಂದರೆ ಆ ಕೈಚಳಕ ಅವರಿಗೆ ಚೆನ್ನಾಗಿ ಗೊತ್ತು.

ಹಳೆಯ ಕಾರುಗಳನ್ನು ಹೊಸದಾಗಿಸುವುದಕ್ಕೆ ಹೆಸರಾದ ದೊಡ್ಡ ವರ್ಕ್‌ಶಾಪೊಂದಿದೆ. ಮುಂಭಾಗದಲ್ಲಿ ಗಾಜಿನ ಬೀರುವಿನ ತುಂಬ ಕಪ್ಪುಗಳು, ಪದಕಗಳು. ಬ್ರೇಕಕ್ಕ ಹತ್ತೊಂಬತ್ತನೇ ವಯಸ್ಸಿಗೆ ಅಲ್ಲಿ ಬಿಡಿಭಾಗ ತೊಳೆಯಲು ಸೇರಿದರು. ನೋಡಿ ನೋಡಿಯೇ ಪೈಪು ಬಾಗಿಸಲು ಕಲಿತರು. ಹದಿಮೂರು ವರ್ಷ ದುಡಿದರು. ತಮ್ಮನನ್ನೂ ಅಲ್ಲಿಗೇ ಸೇರಿಸಿದರು, ರಿಪೇರಿಯಾದ ಕಾರುಗಳನ್ನು ಒಡೆಯರ ಮನೆಗೆ ತಲುಪಿಸುವ ಡ್ರೈವರ್ ಕೆಲಸಕ್ಕೆ. ಒಂದು ದಿನ, ಐದನೆಯ ಪೈಪು ಮಾಡುತ್ತಿದ್ದಾಗ, ಅವರೇ ನಟ್ಟು ಮರೆತರು. ಬೇರೆ ಪೈಪು ಮಾಡುತ್ತೇನೆ ಎಂದರು. ಮೇಸ್ತ್ರಿ ಬಿಡಲಿಲ್ಲ. ಕಾರು ಹೋಗುವ ಹೊತ್ತಾಯಿತು ಎಂದು ಗರಗಸ ತಂದ, ಕತ್ತರಿಸಿದ, ಸೇರಿಸಿದ, ಟೇಪು ಸುತ್ತಿದ. ಬ್ರೇಕಕ್ಕ ನೋಡುತ್ತಾ ನಿಂತರು.

ಆ ಕಾರನ್ನು ತಲುಪಿಸಲು ಹೊರಟಿದ್ದು ಅವರ ತಮ್ಮ. ಮೊದಲ ಇಳಿಜಾರಿನಲ್ಲೇ ಪೆಡಲು ನೆಲ ಮುಟ್ಟಿತು. ಎದುರಿಗೆ ಶಾಲೆ ಬಿಟ್ಟು ಬರುವ ಮಕ್ಕಳಿದ್ದರು. ಪೆಡಲಣ್ಣ ಕಾರನ್ನು ಕಲ್ಲಿನ ಗೋಡೆಗೆ ತಿರುಗಿಸಿದರು. ಎಂಜಿನ್ ಹಿಂದಕ್ಕೆ ಬಂದು ಬಲಪಾದ ನುಜ್ಜುಗುಜ್ಜಾಯಿತು. ವರ್ಕ್‌ಶಾಪಿನವರು ಬರೆದು ಕೊಟ್ಟ ಕಾಗದದಲ್ಲಿದ್ದದ್ದು ಎರಡೇ ಪದ: ಚಾಲಕನ ಅತಿವೇಗ.

"ನಾಲ್ಕು ದಿನ ನಾನೂ ಬಾಯಿಗೆ ಬೀಗ ಹಾಕ್ಕೊಂಡಿದ್ದೆ" ಎನ್ನುತ್ತಾರೆ ಬ್ರೇಕಕ್ಕ. ಇದನ್ನು ಹೇಳುವಾಗ ತಮ್ಮನ ಕಡೆ ನೋಡುವುದಿಲ್ಲ. "ಐದನೇ ದಿನ ವಾರ್ಡಲ್ಲಿ ಇವನ ಪಕ್ಕ ಕೂತು ಎಲ್ಲಾ ಹೇಳಿದೆ. ನಟ್ಟು ಮರೆತಿದ್ದು ನಾನು, ಸುಮ್ನೆ ನಿಂತಿದ್ದೂ ನಾನು ಅಂತ. ಇವನು ಗೋಡೆ ಕಡೆ ತಿರುಗಿಕೊಂಡ." ಆಮೇಲೆ ಒಂದು ವರ್ಷ ಎಂಟು ತಿಂಗಳು ಅವರು ಅಕ್ಕನ ಜೊತೆ ಮಾತಾಡಲಿಲ್ಲ. ಅಂದು ಆಸ್ಪತ್ರೆಯಿಂದ ಬ್ರೇಕಕ್ಕ ನೇರ ಮಾಲೀಕನ ಕೋಣೆಗೆ ಹೋದರು. ಸಣ್ಣ ಜಾಯಿಂಟಿಗೆ ಇಷ್ಟು ದೊಡ್ಡ ರಾದ್ಧಾಂತ ಯಾಕೆ ಎಂದನಂತೆ ಆ ಪುಣ್ಯಾತ್ಮ. ಅವರು ಅಂದೇ ಕೆಲಸ ಬಿಟ್ಟರು, ಮೇಜಿನ ಮೇಲೆ ಉಳಿದಿದ್ದ ಆ ನಟ್ಟನ್ನು ಮಾತ್ರ ಕಿಸೆಗೆ ಹಾಕಿಕೊಂಡು.

ಸ್ವಂತ ಶೆಡ್ಡು ಹಾಕಿದಾಗ ಒಬ್ಬರೇ. ಪೈಪು ಬದಲಿಸಿದ ಮೇಲೆ ಅದರೊಳಗಿನ ಗಾಳಿ ತೆಗೆಯಬೇಕು, ಅದಕ್ಕೆ ಇಬ್ಬರು ಬೇಕು: ಒಬ್ಬರು ಪೆಡಲು ಒತ್ತಿ ಹಿಡಿಯಲು, ಇನ್ನೊಬ್ಬರು ಗಾಲಿಯ ಬಳಿಯ ನಿಪ್ಪಲ್ಲು ಬಿಚ್ಚಿ ಗಾಳಿ ಬಿಡಲು. ಅವರು ಪೆಡಲಿಗೆ ಕೋಲು ಆನಿಸಿ, ಓಡಿ ಓಡಿ ಹಿಂದಕ್ಕೆ ಹೋಗಿ ಒದ್ದಾಡುತ್ತಿದ್ದರು. ಹಾಗೊಂದು ಬೆಳಿಗ್ಗೆ ಊರುಗೋಲಿನ ಸದ್ದಾಯಿತು. ತಮ್ಮ ಬಂದು ಕಾರಿನಲ್ಲಿ ಕೂತರು, ಪೆಡಲಿಗೆ ಆನಿಸಿದ್ದ ಕೋಲು ಕಿತ್ತು ಹೊರಗೆ ಎಸೆದರು, ಎಡಗಾಲನ್ನು ಪೆಡಲಿನ ಮೇಲಿಟ್ಟರು. "ಒತ್ತಲಾ?" ಎಂದರು. ಅಷ್ಟೇ. ಅದಾಗಿ ಇಪ್ಪತ್ತು ವರ್ಷ. ಒಂದು ಕಾರಿಗೆ ಸುಮಾರು ಇನ್ನೂರು ಸಲ ಒತ್ತಬೇಕು. ಇಷ್ಟು ವರ್ಷಗಳಲ್ಲಿ ಆ ಎಡಗಾಲು ಎಷ್ಟು ಸಲ ಒತ್ತಿರಬಹುದೆಂದು ಲೆಕ್ಕ ಇಡುವವರು ಯಾರು?

ಎಂಟು ಗಂಟೆಗೆ ಡಾಕ್ಟರು ಬರುತ್ತಾರೆ. ಜಾಯಿಂಟಿನ ಸುದ್ದಿ ಮುಟ್ಟಿ ಮುಖ ಗಂಟಿಕ್ಕಿದೆ. ಕೈಯಲ್ಲಿ ಫೋನು, ಆ ತುದಿಯಲ್ಲಿ ಈ ಕಾರನ್ನು ಹಿಂದೆ ರಿಪೇರಿ ಮಾಡಿದ್ದ ಅದೇ ದೊಡ್ಡ ವರ್ಕ್‌ಶಾಪಿನ ಮಾಲೀಕ. ಎಲ್ಲರಿಗೂ ಕೇಳಿಸಲೆಂದು ಸ್ಪೀಕರ್ ಹಾಕಿದ್ದಾರೆ.

"ಆ ಜಾಯಿಂಟು ಎಷ್ಟೋ ವರ್ಷದಿಂದ ಇದೆ ಸರ್, ಏನಾಗಿದೆ? ಹಳೇ ಪೈಪೇ ಇದ್ರೆ ಅಂಕ ಜಾಸ್ತಿ. ಬಾನೆಟ್ ಎತ್ತಿದಾಗ ಹೊಸ ಪೈಪು ಕಂಡ್ರೆ ಜಡ್ಜುಗಳು ಅಂಕ ಕತ್ತರಿಸ್ತಾರೆ. ಹಳೇದನ್ನೇ ವಾಪಸ್ ಹಾಕಿಸಿಕೊಂಡು ಬನ್ನಿ. ಆಯಮ್ಮನಿಗೆ ನಮ್ಮ ಮೇಲೆ ಹಳೇ ಸಿಟ್ಟು."

ಡಾಕ್ಟರು ಫೋನು ಇಡುತ್ತಾರೆ. "ನೋಡಿಮ್ಮಾ, ಭಾನುವಾರಕ್ಕೆ ಹಳೇ ಪೈಪು ಹಾಕಿಕೊಡಿ. ಸೋಮವಾರ ನಿಮ್ಮಿಷ್ಟ."

ಬ್ರೇಕಕ್ಕ ಕೈ ಒರೆಸಿಕೊಳ್ಳುತ್ತಾರೆ. "ಸಿಟ್ಟು ಇದೆ. ಇಲ್ಲ ಅಂದೋರು ಯಾರು? ಇಪ್ಪತ್ತೆರಡು ವರ್ಷ ಆದ್ಮೇಲೂ ಅದೇ ಹಿತ್ತಾಳೆ ಕೊಳವೆ, ಅದೇ ಕಪ್ಪು ಟೇಪು! ಒಂದು ಕಾಲು ಹೋದ್ರೂ ಬುದ್ಧಿ ಬಂದಿಲ್ಲ ಅವರಿಗೆ. ಊರಿನವರ ಕಣ್ಣೆಲ್ಲಾ ನೋಡಿದೋರು ನೀವು. ಬನ್ನಿ ಸರ್, ಇದನ್ನೂ ಒಂದ್ಸಲ ಕಣ್ಣು ಬಿಟ್ಟು ನೋಡಿ." ಮೇಜಿನ ಮೇಲಿನ ಹಳೆಯ ಪೈಪನ್ನು ಎತ್ತಿ ಜಾಯಿಂಟಿನ ಬಳಿ ಎರಡು ಬೆರಳಿನಿಂದ ಎಳೆಯುತ್ತಾರೆ. ಅದು ಕೊಳವೆಯಿಂದ ಜಾರಿ ಕೈಗೆ ಬರುತ್ತದೆ. ನಾಲ್ಕು ಹನಿ ಕಂದು ಆಯಿಲ್ ಡಾಕ್ಟರ ಹೊಳೆಯುವ ಬೂಟಿನ ಮೇಲೆ ಬೀಳುತ್ತದೆ.

ಆಗ ಪೆಡಲಣ್ಣ, ಯಾರೆದುರೂ ಬೂಟು ಬಿಚ್ಚದ ಮನುಷ್ಯ, ಸ್ಟೂಲಿನ ಮೇಲೆ ಕೂತು ಲೇಸು ಸಡಿಲಿಸಿ ಬಲಪಾದ ಹೊರಗಿಡುತ್ತಾರೆ. ಬೆರಳುಗಳಿಲ್ಲ. "ಇದೂ ಅದೇ ಜಾಯಿಂಟೇ ಸರ್" ಎನ್ನುತ್ತಾರೆ.

"ಆ ಪೈಪು ಮಾಡಿದ್ದು..." ಡಾಕ್ಟರು ತಡವರಿಸುತ್ತಾರೆ.

"ನಾನೇ" ಎನ್ನುತ್ತಾರೆ ಬ್ರೇಕಕ್ಕ. "ನಟ್ಟು ಮರೆತೋಳು ನಾನೇ."

"ಮತ್ತೆ ನಿಮ್ಮನ್ನ ನಾನು ಹೇಗಮ್ಮಾ ನಂಬಲಿ?"

ಬ್ರೇಕಕ್ಕ ಮೊಳೆಗೆ ತೂಗುವ ನಟ್ಟಿನ ಕಡೆ ತಿರುಗುತ್ತಾರೆ. ಉತ್ತರ ಕೊಡುವುದು ಪೆಡಲಣ್ಣ, ಬೂಟಿನ ಲೇಸು ಕಟ್ಟಿಕೊಳ್ಳುತ್ತಲೇ. "ನೀವು ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಇಲ್ಲಿಂದ ಹೋಗೋ ಪ್ರತಿ ಕಾರಿನ ಮೊದಲ ಟ್ರಯಲ್ಲು ನಂದು. ಇಪ್ಪತ್ತು ವರ್ಷದಿಂದ."

ಹತ್ತೂವರೆಗೆ ಏಳನೆಯ ಪೈಪು ಕೂರುತ್ತದೆ. ಗಾಳಿ ತೆಗೆಯುವುದು ದೂರದ ಗಾಲಿಯಿಂದ ಶುರು. "ಒತ್ತು." "ಒತ್ತಿದೀನಿ." "ಹಿಡ್ಕೋ." "ಹಿಡಿದೀನಿ." "ಬಿಡು." ನಿಪ್ಪಲ್ಲಿಗೆ ಸಿಕ್ಕಿಸಿದ ನಳಿಕೆಯ ತುದಿಯ ಬಾಟಲಿಯಲ್ಲಿ ಗುಳ್ಳೆಗಳು ಏಳುತ್ತವೆ, ಕಡಿಮೆಯಾಗುತ್ತವೆ, ನಿಲ್ಲುತ್ತವೆ. ಡಾಕ್ಟರು ಕೋಟು ಬಿಚ್ಚಿ ನೆಲದಲ್ಲಿ ಮೊಣಕಾಲೂರಿ ಬಾಟಲಿ ಹಿಡಿದುಕೊಂಡಿದ್ದಾರೆ. ಯಾರೂ ಅವರಿಗೆ ಹೇಳಿಲ್ಲ.

ಶೆಡ್ಡಿನ ಹಿಂದೆ ಒಂದು ಇಳಿಜಾರು, ಅದರ ಬುಡದಲ್ಲಿ ಇಟ್ಟಿಗೆಯ ಗೋಡೆ. ಎಂಜಿನ್ ಆಫ್ ಮಾಡಿ ಕಾರನ್ನು ಬಿಡಬೇಕು, ಎಡಗಾಲಿನಿಂದಲೇ ನಿಲ್ಲಿಸಬೇಕು. ನಾನೂ ಕೂರಲೇ ಎಂದು ಡಾಕ್ಟರು ಕೇಳುತ್ತಾರೆ. "ಮೊದಲ ಸಲ ಪೈಪು ಮಾಡಿದೋರೇ ಪಕ್ಕದ ಸೀಟಲ್ಲಿ ಕೂರಬೇಕು. ನಮ್ಮ ಶೆಡ್ಡಿನ ಕಾನೂನು" ಎಂದು ಬ್ರೇಕಕ್ಕ ಹತ್ತಿ ಕೂರುತ್ತಾರೆ. ಕೈ ಹ್ಯಾಂಡ್‌ಬ್ರೇಕಿನ ಮೇಲಿದೆ, ಸಿಟ್ಟಿದ್ದರೂ ಹುಚ್ಚೇನಿಲ್ಲ. ಕಾರು ಉರುಳುತ್ತದೆ, ವೇಗ ಹಿಡಿಯುತ್ತದೆ, ಗೋಡೆ ಹತ್ತಿರವಾಗುತ್ತದೆ. ಗೋಡೆಗೆ ಎರಡು ಮಾರು ಇರುವಾಗ ಅದು ಸದ್ದಿಲ್ಲದೆ ನಿಲ್ಲುತ್ತದೆ. ಹ್ಯಾಂಡ್‌ಬ್ರೇಕು ಎಳೆಯುವ ಪ್ರಸಂಗವೇ ಬರಲಿಲ್ಲ.

"ಗಟ್ಟಿ ಇದೆ" ಎನ್ನುತ್ತಾರೆ ಪೆಡಲಣ್ಣ. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಭಾನುವಾರ ಈ ಕಾರಿಗೆ ಅಂಕ ಕಡಿಮೆ ಬರಬಹುದು. ಬಹುಮಾನದ ಕಪ್ಪು ಇನ್ಯಾವುದೋ ಹೊಳೆಯುವ ಕಾರಿನ ಪಾಲಾಗಬಹುದು, ಅದರ ಹೊಟ್ಟೆಯೊಳಗೆ ಇನ್ನೊಂದು ಹಿತ್ತಾಳೆಯ ಕೊಳವೆ ಇದ್ದರೂ ಇರಬಹುದು. ನಿಮಗೆ ಏನು ಬೇಕು ಎಂದು ಕೇಳಿದರೆ ಬ್ರೇಕಕ್ಕ ಸಿಡುಕುತ್ತಾರೆ. "ಕಪ್ಪು ಯಾರಿಗೆ ಬೇಕು? ಅಷ್ಟು ಜನ ಜಡ್ಜುಗಳಲ್ಲಿ ಒಬ್ಬನಾದ್ರೂ ಒಂದ್ಸಲ ಕಾರಿನ ಕೆಳಗೆ ಅಂಗಾತ ಮಲಗಿ ನೋಡ್ಲಿ. ಅಷ್ಟು ಸಾಕು ನಂಗೆ."

"ಶರ್ಟು ಕೊಳೆಯಾಗುತ್ತೆ ಅಕ್ಕಾ" ಎನ್ನುತ್ತಾರೆ ಪೆಡಲಣ್ಣ.

ಡಾಕ್ಟರು ಕೆಂಪು ಕಾರನ್ನು ಮೆಲ್ಲನೆ ರಸ್ತೆಗೆ ಇಳಿಸಿ ಹೋಗುತ್ತಾರೆ. ಅದರ ಜಾಗಕ್ಕೆ ಆಗಲೇ ಒಂದು ಬಿಳಿ ಕಾರು ಬಂದು ನಿಂತಿದೆ. ಬ್ರೇಕಕ್ಕ ಸುರುಳಿಯಿಂದ ಪೈಪು ಬಿಚ್ಚುತ್ತಾರೆ, ಬಾಗಿಸುತ್ತಾರೆ, ವೈಸಿಗೆ ಸಿಕ್ಕಿಸುತ್ತಾರೆ. ನಂತರ ಹಿಡಿಯ ಮೇಲೆ ಕೈಯಿಟ್ಟು, ಮೊಳೆಗೆ ತೂಗುವ ಆ ನಟ್ಟನ್ನೇ ನೋಡುತ್ತಾ ಸುಮ್ಮನೆ ನಿಲ್ಲುತ್ತಾರೆ, ಮೂಲೆಯಿಂದ ಆ ದನಿ ಬರುವವರೆಗೆ.

"ಅಕ್ಕಾ, ನಟ್ಟು?"