ಪವಿತ್ರಾಳ ಊಟದ ಡಬ್ಬಿ

ಬೆಳಿಗ್ಗೆ ಎಂಟೂವರೆಗೆ ನಾನು ಸ್ಕೂಟರ್ ಹೊರಗೆ ತಳ್ಳುವ ಹೊತ್ತಿಗೆ ಎದುರುಮನೆಯ ಪವಿತ್ರಾ ಗೇಟಿನ ಹತ್ತಿರ ರೆಡಿ. ಎಣ್ಣೆ ಹಚ್ಚಿ ಹೆಣೆದ ಜಡೆ, ಹೆಗಲಿಗೆ ಬ್ಯಾಗು, ಕೈಯಲ್ಲಿ ಊಟದ ಡಬ್ಬಿ. ನಮ್ಮ ಬೋಗಾದಿ ರಸ್ತೆಯಲ್ಲಿ ಆಗ ಫ್ಯಾಕ್ಟರಿ ಬಸ್ಸು ಹಾದುಹೋಗುತ್ತದೆ. ಒಳಗಿದ್ದವರಿಗೆ ಕೈಬೀಸುತ್ತಾಳೆ. ಬಸ್ಸು ತಿರುವು ದಾಟಿದ ಮೇಲೆ ಗೇಟು ಹಾಕಿಕೊಂಡು ಮನೆಯೊಳಗೆ ಹೋಗುತ್ತಾಳೆ.

ಒಂದು ಗಂಟೆಗೆ ಆ ಡಬ್ಬಿ ಬಿಚ್ಚಿ ಮನೆಯಲ್ಲೇ ಊಟ. ತಟ್ಟೆಗೆ ಬಡಿಸಿದರೆ ಮುಟ್ಟುವುದಿಲ್ಲ. "ಕೆಲ್ಸಕ್ಕೋಗೋರು ತಟ್ಟೇಲಿ ತಿಂತಾರಾ?" ಅಂತ ಕೇಳುತ್ತಾಳಂತೆ. (ಅವಳಮ್ಮ ಮಂಜುಳಾ ಇದನ್ನು ನಗುತ್ತಲೇ ಹೇಳಲು ಶುರುಮಾಡಿದ್ದರು. ನಗು ಅರ್ಧಕ್ಕೇ ನಿಂತಿತು.)

ಪವಿತ್ರಾಗೆ ಇಪ್ಪತ್ತಾರು. ಕಲಿಯುವುದು ನಿಧಾನ. ಕಲಿತ ಮೇಲೆ ಮರೆಯುವ ಮಾತಿಲ್ಲ. ವಿಶೇಷ ಶಾಲೆ ಮುಗಿದು ಏಳು ವರ್ಷವಾಯಿತು. ಅಲ್ಲಿಂದೀಚೆಗೆ ಅವಳಿಗೆ ಒಂದೇ ಆಸೆ, ಎಲ್ಲರ ಹಾಗೆ ಕೆಲಸಕ್ಕೆ ಹೋಗಬೇಕು.

ನಾನು ಸುಮ್ಮನಿರುವವಳೇ? ಜಯಲಕ್ಷ್ಮಿಪುರಂನಲ್ಲಿ ಪರಿಚಯದ ಬೇಕರಿ ಇದೆ. ಓನರ್ ಪ್ರಕಾಶ್ ಹತ್ತಿರ ಹೋಗಿ ವಿಷಯ ಹೇಳಿದೆ. "ಕೇಕ್ ಬಾಕ್ಸ್ ಮಡಿಚೋಕೆ ಒಬ್ರು ಬೇಕಾಗಿತ್ತು ಮೇಡಂ" ಅಂದರು. ಅಲ್ಲಿಗೆ ಬಾಯಿ ಮುಚ್ಚಿಕೊಳ್ಳಬಹುದಿತ್ತಲ್ಲವೇ? ಇಲ್ಲ. "ಪಾಪ, ಈ ರಶ್ಶಲ್ಲಿ ಅವಳಿಗ್ಯಾಕೆ ತೊಂದರೆ? ಬಾಕ್ಸ್ ಮನೆಗೇ ಕಳಿಸಿಬಿಡಿ" ಎಂದೆ. ಆ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಸೋಮವಾರ ರಟ್ಟಿನ ಕಟ್ಟು ಆಟೋದಲ್ಲಿ ಬಂತು. ಪವಿತ್ರಾ ಅಂಚಿಗೆ ಅಂಚು ಕೂಡಿಸಿ ಮಡಿಚಿದಳು. ಒಂದೂ ಸೊಟ್ಟಗಿರಲಿಲ್ಲ. ಶನಿವಾರ ಅವರ ಮನೆಗೆ ಹೋಗಿ "ಖುಷಿನಾ ಪವಿ?" ಅಂದೆ.

"ಆಂಟಿ, ಕೆಲ್ಸ ಬಂತು. ನಾನು ಎಲ್ಲೂ ಓಗ್ಲೇ ಇಲ್ವಲ್ಲ" ಅಂದಳು. ಆಮೇಲೆ ಕೇಳಿದಳು, "ಬೇಕರೀಲಿ ಎಲ್ರೂ ಒಟ್ಟಿಗೆ ಕೂತು ಡಬ್ಬಿ ತಿಂತಾರಾ?"

ಬಸ್ಸಿಗೆ ಕಾಯುವುದು, ಓನರ್ ಕೈಲಿ ಬೈಸಿಕೊಳ್ಳುವುದು, ಪಕ್ಕದವಳ ಚಿತ್ರಾನ್ನಕ್ಕೆ ಕೈ ಹಾಕುವುದು. ಕೆಲಸಕ್ಕೆ ಹೋಗುವ ನಾವೆಲ್ಲ ದಿನಾ ಗೊಣಗಿಕೊಂಡು ಮಾಡುವ ಇವಕ್ಕೆಲ್ಲ ಅವಳು ಏಳು ವರ್ಷದಿಂದ ಹಂಬಲಿಸಿದ್ದಾಳೆ. ಲಾಕ್‌ಡೌನಿನಲ್ಲಿ ಎರಡು ತಿಂಗಳು ಮನೆಯಲ್ಲಿ ಕೂತದ್ದಕ್ಕೇ ನಾವೆಲ್ಲ ಎಷ್ಟು ಗೋಳಾಡಿದೆವು!

ಇಂಥವರಿಗೆ ಕೆಲಸ ಎಂದರೆ ನಮ್ಮ ತಲೆಗೆ ಹೊಳೆಯುವುದು ಬೇರೆ ಕೋಣೆ, ಬೇರೆ ಸ್ಟಾಲು, ಹಬ್ಬಕ್ಕೊಮ್ಮೆ ದೀಪ ಮಾರಾಟ. ನಾವೂ ಹೋಗಿ ನಾಲ್ಕು ದೀಪ ಕೊಂಡು ಫೋಟೋ ಹಾಕುತ್ತೇವೆ. (ನಾನೂ ಹಾಕಿದ್ದೇನೆ, ಲೈಕುಗಳೂ ಬಂದಿವೆ.) ನಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಳ್ಳುವುದು ಮಾತ್ರ ಹೊಳೆಯುವುದಿಲ್ಲ.

ಮರುದಿನವೇ ಬೇಕರಿಗೆ ಓಡಿದೆ. "ಅವಳೇ ಇಲ್ಲಿಗೆ ಬರಲಿ, ಆಗುತ್ತಾ?"

ಪ್ರಕಾಶ್ ನನ್ನ ಮುಖ ನೋಡಿದರು. "ಅವತ್ತೇ ಕೌಂಟರ್ ಪಕ್ಕದ ಜಾಗ ಕೊಡೋಣ ಅಂದ್ಕೊಂಡಿದ್ದೆ ಕಣ್ರೀ ಮೇಡಂ. ನೀವೇ ಬೇಡ ಅಂದ್ಬುಟ್ರಿ." ಆ ಜಾಗದಲ್ಲಿ ಈಗ ಹೊಸ ಫ್ರಿಜ್ಜು ನಿಂತಿತ್ತು. "ನೋಡೋಣ, ಬೇರೆ ಜಾಗ ಮಾಡೋಕಾಗುತ್ತಾ ಅಂತ" ಎಂದರು.

ಇವತ್ತು ಬೆಳಿಗ್ಗೆಯೂ ಪವಿತ್ರಾ ಡಬ್ಬಿ ಹಿಡಿದು ನಿಂತಿದ್ದಳು. "ಆಂಟಿ, ನಾಳೆ ಓಗ್ಬೋದಾ?" ನಾನು ಹೆಲ್ಮೆಟ್ಟಿನೊಳಗೆ ಮುಖ ಮುಚ್ಚಿಕೊಂಡು ಹೊರಟುಬಿಟ್ಟೆ.

ಬೇಕರಿಗೆ ಹೋಗುವುದು ತೊಂದರೆಯೋ ಅಲ್ಲವೋ ಎಂದು ಮೊದಲೇ ಅವಳನ್ನು ಒಂದು ಮಾತು ಕೇಳಲು ನನಗೇನು ಧಾಡಿಯಾಗಿತ್ತು?