ಮುಂದೆ ನಿಂತವರ ಹಾಲು

ಮಿಷನ್ ಸುಳ್ಳು ಹೇಳುವುದಿಲ್ಲ ಎಂದು ಒಬ್ಬ ಹೆಂಗಸಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದವನು ನಾನು. ಅದೂ ಊರಿನವರೆಲ್ಲ ಸಾಲಾಗಿ ನಿಂತಿದ್ದಾಗ.

ಮದ್ದೂರು ತಾಲ್ಲೂಕಿನ ಕೊಪ್ಪದ ಕಡೆಯ ಒಂದು ಹಳ್ಳಿಯ ಹಾಲಿನ ಡೈರಿಗೆ ನಾನು ಎರಡು ಎಲೆಕ್ಟ್ರಾನಿಕ್ ಬೋರ್ಡು ಕೂರಿಸಿದ್ದೆ. ಒಂದು ಹಾಲನ್ನು ಪರೀಕ್ಷಿಸುವ ಟೆಸ್ಟರಿಗೆ, ಇನ್ನೊಂದು ತೂಕದ ಯಂತ್ರಕ್ಕೆ. ಮೊದಲನೆಯದು ಅಂಕಿ ಕಳಿಸಬೇಕು, ಎರಡನೆಯದು ಅದಕ್ಕೆ ತೂಕ ಸೇರಿಸಿ ಚೀಟಿ ಕೊಡಬೇಕು. ಅವೆರಡರ ನಡುವಿನ ಮಾತಿನ ದಾರಿಗೆ ನಮ್ಮ ಕಸುಬಿನಲ್ಲಿ ಸಾಕೆಟ್ ಎನ್ನುತ್ತೇವೆ. ಮಂಡ್ಯದಲ್ಲಿ ನನ್ನ ಮೇಜಿನ ಮೇಲೆ ಅವು ವಾರವಿಡೀ ತಪ್ಪಿಲ್ಲದೆ ಮಾತಾಡಿದ್ದವು. ನನಗೆ ಸ್ವಲ್ಪ ಜಂಬವೇ ಬಂದಿತ್ತು.

ತಿಂಗಳಾಗುವಷ್ಟರಲ್ಲಿ ಡೈರಿಯ ಸೆಕ್ರೆಟ್ರಿ ಫೋನ್ ಮಾಡಿದರು. ಗಂಡ ಸತ್ತು, ಒಂದೇ ಹಸು ಕಟ್ಟಿಕೊಂಡಿದ್ದ ಹೆಂಗಸೊಬ್ಬರ ಹಾಲಿನಲ್ಲಿ ನೀರಿದೆ ಎಂದು ದಿನಾ ಬೆಳಿಗ್ಗೆ ಚೀಟಿ ಬರುತ್ತಿದೆ, ಆಕೆ ಒಪ್ಪುತ್ತಿಲ್ಲ ಎಂದರು. ಮಧ್ಯಾಹ್ನ ಹೋಗಿ ಖಾಲಿ ಡೈರಿಯಲ್ಲಿ ಎಲ್ಲ ಪರೀಕ್ಷಿಸಿದೆ. ಎಲ್ಲ ಸರಿಯಿತ್ತು. ಸಂಜೆ ಸಾಲು ಕಟ್ಟಿತು, ಆಕೆಯ ಹಾಲೂ ಚೆನ್ನಾಗಿಯೇ ಬಂತು. ಅದನ್ನೇ ನಾನು ಸಾಕ್ಷಿ ಮಾಡಿಕೊಂಡೆ.

"ಸಂಜೆ ಸರಿ ಬರುತ್ತೆ, ಬೆಳಿಗ್ಗೆ ಮಾತ್ರ ಬರಲ್ಲ ಅಂದ್ರೆ ತಪ್ಪು ಮಿಷನ್ನದಲ್ಲ ಕಣಮ್ಮ. ಮಿಷನ್ ಸುಳ್ಳು ಹೇಳಲ್ಲ" ಎಂದೆ.

ಆಕೆ ಕ್ಯಾನಿನೊಳಗೆ ಬೆರಳದ್ದಿದರು. "ಆಲು ಮುಟ್ಟಿ ಏಳ್ತೀನಿ ಕಣಪ್ಪ, ಒಂದ್ ತೊಟ್ಟು ನೀರಾಕಿಲ್ಲ."

"ಎಲ್ರೂ ಇಂಗೇ ಅನ್ನೋದು ತಗಿ" ಎಂದು ಅವರ ಹಿಂದೆ ನಿಂತಿದ್ದವನು ಅಂದ. ಸಾಲು ನಕ್ಕಿತು. ನಾನೂ ನಕ್ಕೆ. ಆ ನಗು ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಡೈರಿಯವರು ಆಕೆಯ ಹಾಲು ನಿಲ್ಲಿಸಿದರು. ಆಕೆ ಹಸುವನ್ನು ಮಳವಳ್ಳಿ ಕಡೆಯವರಿಗೆ ಕೊಟ್ಟುಬಿಟ್ಟರು.

ಅದಾದ ಮೇಲೆ ನೀರಿನ ಚೀಟಿ ಆಕೆಯ ಹಿಂದೆ ನಿಂತಿದ್ದವನಿಗೆ ಬರತೊಡಗಿತು. ಅವನು ಬಾಯಿಜೋರಿನ ಆಳು, ಡೈರಿಯ ಮೇಜು ಗುದ್ದಿ ರಂಪ ಮಾಡಿದನಂತೆ. ಹೆಂಗಸು ಕೂಗಿದರೆ ಮಧ್ಯಾಹ್ನ ಹೋಗಿದ್ದ ನಾನು, ಅವನು ಕೂಗಿದ್ದಕ್ಕೆ ಮಂಡ್ಯದಿಂದ ಮೊದಲ ಬಸ್ಸಿಗೇ ಹೋದೆ.

ಆ ಊರಿನಲ್ಲಿ ಹಾಲಿನ ಸಾಲಿನ ಕ್ರಮ ಬದಲಾಗುವುದಿಲ್ಲ. ಯಾರ ಹಿಂದೆ ಯಾರು ಎನ್ನುವುದು ಗೋಡೆಯಲ್ಲಿ ಇಟ್ಟಿಗೆ ಕೂತ ಹಾಗೆ ಕೂತಿದೆ. ಆಕೆಯ ಜಾಗಕ್ಕೆ ಸರಿಯಾಗಿ ಮುಂದೆ ಡೈರಿಯ ಡೈರೆಕ್ಟರೊಬ್ಬರು ನಿಲ್ಲುತ್ತಿದ್ದರು. ಅವರು ಬರುವುದು ಬೆಳಿಗ್ಗೆ ಮಾತ್ರ, ಸಂಜೆಯ ಹಾಲು ಹೋಟೆಲಿಗೆ ಹೋಗುತ್ತಿತ್ತು. ಅವತ್ತು ನನ್ನ ಕಣ್ಣೆದುರೇ ಅವರ ಚೀಟಿಯಲ್ಲಿ ನೀರು ಬಂತು. "ಇನ್ನೊಂದ್ ಕಿತ ನೋಡ್ಲಾ" ಎಂದು ಗದರಿದರು. ಟೆಸ್ಟರಿನವನು ಮತ್ತೆ ನೋಡಿದ. ಅದೇ ಅಂಕಿ. ಡೈರೆಕ್ಟರು ಚೀಟಿಯನ್ನು ಜೇಬಿಗಿಟ್ಟುಕೊಂಡು ಹೊರಟರು, ಇದು ದಿನಾ ನಡೆಯುವುದೇ ಎನ್ನುವಂತೆ ಸಾಲು ಮುಂದಕ್ಕೆ ಸರಿಯಿತು.

ಆಗ ನನಗೆ ಹೊಳೆಯಿತು. ಪೈಪಿಗೆ ಎರಡು ಬಿಂದಿಗೆ ನೀರು ಸುರಿದರೆ ಯಾವುದು ಯಾವ ಬಿಂದಿಗೆಯದು ಎಂದು ಪೈಪು ಹೇಳುವುದಿಲ್ಲ. ಸಾಕೆಟ್ಟೂ ಹಾಗೆಯೇ. ಎರಡನೆಯ ಸಲದ ಅಂಕಿ ದಾರಿಯಲ್ಲೇ ಉಳಿದು, ಮುಂದಿನ ಕ್ಯಾನು ತೂಕಕ್ಕೆ ಬಂದೊಡನೆ ಆ ಕ್ಯಾನಿನವರ ಚೀಟಿಗೆ ಬೀಳುತ್ತಿತ್ತು. ಅಲ್ಲಿಂದಾಚೆ ಎಲ್ಲರಿಗೂ ತಮ್ಮ ಮುಂದೆ ನಿಂತವರ ಅಂಕಿಯೇ. ಡೈರಿ ಮುಚ್ಚುವಾಗ ಮಿಷನ್ ಆರಿಸಿದರೆ ಉಳಿದದ್ದು ಅಳಿಸಿಹೋಗಿ ಎಲ್ಲ ಸರಿಯಾಗುತ್ತಿತ್ತು. ಮಿಕ್ಕವರ ಹಾಲು ಹೆಚ್ಚುಕಡಿಮೆ ಒಂದೇ ಸಮ ಇದ್ದುದರಿಂದ ಗೊತ್ತಾಗಲಿಲ್ಲ. ಒಂದು ಸಲ ತೂಗಿದರೆ ಒಂದೇ ಅಂಕಿ ಬರುತ್ತದೆ ಎಂದು ನಂಬಿ ಪ್ರೋಗ್ರಾಮು ಬರೆದಿದ್ದವನು ನಾನೇ. ಪ್ರತಿ ಅಂಕಿಗೂ ಆಯಾ ಕ್ಯಾನಿನ ಸಂಖ್ಯೆ ಹಚ್ಚಿ, ಪ್ರೋಗ್ರಾಮಿನ ನಾಲ್ಕು ಸಾಲು ತಿದ್ದಿದೆ. ಸರಿಹೋಯಿತು.

"ಆಗಿದ್ದಾಯ್ತು ಬುಡಿ ಸಾರ್" ಎಂದರು ಸೆಕ್ರೆಟ್ರಿ. "ಡೈರೆಕ್ಟ್ರ ಎಸ್ರು ಯಾಕೆ ಎತ್ತೋದು?"

ಮನಸ್ಸು ತಡೆಯದೆ ಆಕೆಯ ಮನೆಗೆ ಹೋದೆ. ಕೊಟ್ಟಿಗೆಯಲ್ಲಿ ಸೌದೆ ಒಟ್ಟಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ, ತಪ್ಪು ನನ್ನದು ಎಂದೆ. ಆಕೆ ಅಳಲಿಲ್ಲ, ಬೈಯಲೂ ಇಲ್ಲ.

"ಅವತ್ತು ಎಲ್ರ ಮುಂದೆ ಏಳ್ದೆ. ಇದ್ನ ಯಾಕೆ ಇಲ್ ಬಂದು ನನ್ನೊಬ್ಳಿಗೇ ಏಳ್ತಿದ್ದೀಯಾ?"

"ನಾಳೆ ಬೆಳಿಗ್ಗೆ ಸಾಲಿನ ಮುಂದೇನೇ ಹೇಳ್ತೀನಮ್ಮ" ಎಂದೆ.

"ಬತ್ತೀಯಾ?"

"ಬರ್ತೀನಿ."

ಸುತ್ತಮುತ್ತಲ ಇನ್ನೂ ಆರು ಊರುಗಳಲ್ಲಿ ನನ್ನ ಬೋರ್ಡುಗಳಿದ್ದವು. ನಾನೇ ತಪ್ಪು ಎಂದು ಸಾರಿದರೆ ಅವನ್ನೆಲ್ಲ ಕಿತ್ತು ಬಿಸಾಕುತ್ತಾರೆ ಎಂಬ ಭಯ ಬಸ್ಸಿನಲ್ಲೇ ಶುರುವಾಯಿತು. ಬೆಳಿಗ್ಗೆ ಎದ್ದು ಅಂಗಿ ಹಾಕಿಕೊಂಡು ಮಂಚದ ಮೇಲೆ ಕೂತೆ. ಗಂಟೆ ಎಂಟಾಯಿತು. ಹೋಗಲಿಲ್ಲ.

ಎರಡು ದಿನ ಬಿಟ್ಟು ಸೆಕ್ರೆಟ್ರಿ ಬೇರೇನೋ ಕೇಳಲು ಫೋನ್ ಮಾಡಿದವರು ಮಾತಿಗೆ ಮಾತು ಬಂದು ಹೇಳಿದರು: "ಆಯಮ್ಮಂಗೆ ತಲೆ ಕೆಟ್ಟಂಗದೆ ಸಾರ್. ಮೊನ್ನೆ ಬೆಳಿಗ್ಗೆ ಖಾಲಿ ಕ್ಯಾನು ಇಡ್ಕೊಂಡು ಬಂದು ಅದೇ ಜಾಗದಲ್ಲಿ ನಿಂತಿದ್ಲು. ಸಾಲೆಲ್ಲ ಮುಗಿದು ನಾವು ಬಾಗ್ಲು ಆಕೋವರ್ಗೂ ನಿಂತಿದ್ಲು."